ಆತ್ಯಯಿಕ ವೈದ್ಯನ ಧರ್ಮ
(ರಣವೈದ್ಯ ಲಾರೆಯ ಚರಿತ್ರೆಯನ್ನು ಕುರಿತ ಉಪನ್ಯಾಸ)



ವೈದ್ಯವೃತ್ತಿಯು ಸರ್ವಕಾಲದಲ್ಲಿಯೂ ಸರ್ವದೇಶಗಳಲ್ಲಿಯೂ ಗೌರವಕ್ಕೆ ಪಾತ್ರವಾದುದೆಂಬುದು ಎಲ್ಲರಿಗೂ ವಿದಿತವೇ ಇದೆ. ಆದರೆ ವೈದ್ಯನ ಮುಂದೆ ಬರುವ ವ್ಯಾಧಿಗಳೆಲ್ಲವೂ ಒಂದೇ ತೆರನಾದವುಗಳಲ್ಲ. ಕೆಲವು ವ್ಯಾಧಿಗಳು ವೈದ್ಯನಿಗೆ ಅವಕಾಶವನ್ನು ಕೊಡುತ್ತವೆ. ಆತನು ನಾಡಿಯನ್ನು ನೋಡಿ, ಪ್ರಶ್ನೆಗಳನ್ನು ಕೇಳಿ, ಗ್ರಂಥವನ್ನು ತೆರೆದು, ಹಿರಿಯರೊಡನೆ ವಿಚಾರಿಸಿ, ಬೇಕಾದರೆ ರೋಗಿಯನ್ನು ನಾಳೆ ಬಾ ಎಂದು ಕಳುಹಿಸಲೂ ಬಹುದು. ಬೇರೆ ಕೆಲವು ವ್ಯಾಧಿಗಳು ಅಂತಹ ಅವಕಾಶವನ್ನು ಕೊಡತಕ್ಕವುಗಳಲ್ಲ. ಮರದಿಂದ ಬಿದ್ದವನು, ಬಂಡಿಯ ಗಾಲಿಗೆ ಸಿಕ್ಕಿದವನು, ಹಾವು ಕಚ್ಚಿದವನು, ಎದೆ ಹಿಡಿದುಕೊಂಡು ಕುಸಿದವನು, ಹೆರಿಗೆಯಲ್ಲಿ ರಕ್ತ ನಿಲ್ಲದ ತಾಯಿ, ಇವರ ವಿಷಯದಲ್ಲಿ ‘ನಾಳೆ’ ಎಂಬ ಮಾತೇ ಇಲ್ಲ. ನಮ್ಮ ಆಯುರ್ವೇದದ ಗ್ರಂಥಕಾರರು ಇಂತಹ ಅವಸ್ಥೆಯನ್ನು ‘ಆತ್ಯಯಿಕ’ವೆಂದು ಕರೆದಿರುವರು. ಅತ್ಯಯವೆಂದರೆ ಕೈಮೀರಿ ಹೋಗುವುದು, ನಾಶವಾಗುವುದು. ಕ್ಷಣಮಾತ್ರ ತಡೆದರೆ ಪ್ರಾಣವು ಕೈಮೀರಿ ಹೋಗುವ ಸ್ಥಿತಿಯೇ ಆತ್ಯಯಿಕ. ಅದಕ್ಕೆ ಚಿಕಿತ್ಸೆ ಮಾಡತಕ್ಕವನೇ ಆತ್ಯಯಿಕ ವೈದ್ಯನು. ಇಂದಿನ ಆಸ್ಪತ್ರೆಗಳಲ್ಲಿ ತುರ್ತು ಚಿಕಿತ್ಸೆಯ ವೈದ್ಯನೆಂದು ಹೆಸರಾದವನು.

ಈ ವೈದ್ಯನಿಗೆ ಕಾಲವೊಂದು ಕಷ್ಟವಾದರೆ, ಅದಕ್ಕಿಂತಲೂ ದೊಡ್ಡದಾದ ಇನ್ನೊಂದು ಕಷ್ಟವುಂಟು. ಆತನ ಮುಂದೆ ಒಬ್ಬನೇ ರೋಗಿಯು ಇರುವುದಿಲ್ಲ. ಹತ್ತು ಮಂದಿ ಒಟ್ಟಿಗೆ ಬರುವರು, ಕೈಗಳು ಎರಡೇ. ಯಾರನ್ನು ಮೊದಲು ನೋಡತಕ್ಕದ್ದು? ಯಾರನ್ನು ಕಾಯಿಸತಕ್ಕದ್ದು? ಇದು ಔಷಧದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ. ಈ ಪ್ರಶ್ನೆಗೆ ಸುಮಾರು ಇನ್ನೂರ ಮೂವತ್ತು ವರ್ಷಗಳ ಹಿಂದೆ ಫ್ರಾನ್ಸ್ ದೇಶದ ಒಬ್ಬ ರಣವೈದ್ಯನು ತನ್ನ ನಡತೆಯಿಂದಲೇ ಉತ್ತರವನ್ನು ಕೊಟ್ಟನು. ಆತನ ಹೆಸರು ದೊಮಿನಿಕ್ ಜಾನ್ ಲಾರೆ. ಆತನ ಚರಿತ್ರೆಯನ್ನೂ, ಆತನು ರೋಗಿಗಳನ್ನು ನೋಡಿಕೊಂಡ ರೀತಿಯನ್ನೂ ವಿವರಿಸುವುದೇ ಈ ಉಪನ್ಯಾಸದ ಉದ್ದೇಶ.

ಅದಕ್ಕೆ ಮುಂಚೆ ನಮ್ಮ ದೇಶದ ಪೂರ್ವಾಚಾರ್ಯರ ಒಂದು ಮಾತನ್ನು ಸ್ಮರಿಸಿಕೊಳ್ಳುವುದು ಯುಕ್ತ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ‘ಯುಕ್ತಸೇನೀಯ’ವೆಂಬ ಅಧ್ಯಾಯವೊಂದುಂಟು. ದಂಡೆತ್ತಿ ಹೋಗುವ ಅರಸನ ಸಂಗಡ ವೈದ್ಯನು ಹೇಗಿರಬೇಕೆಂಬುದು ಅದರ ವಿಷಯ. ಅರಸನ ಬಿಡಾರದ ಸಮೀಪದಲ್ಲಿಯೇ ವೈದ್ಯನ ಬಿಡಾರವಿರಬೇಕು. ಅದರ ಮೇಲೆ ಧ್ವಜವನ್ನು ಎತ್ತಿರಬೇಕು. ವಿಷದಿಂದಲೋ ಬಾಣದಿಂದಲೋ ರೋಗದಿಂದಲೋ ಪೀಡಿತರಾದವರು ದೂರದಿಂದಲೇ ಆ ಧ್ವಜವನ್ನು ಕಂಡು ಅಲ್ಲಿಗೆ ಬರಬೇಕು ಎಂಬುದು ಆಚಾರ್ಯನ ಅಭಿಪ್ರಾಯ. ಅದೇ ಗ್ರಂಥದ ಚಿಕಿತ್ಸಾಸ್ಥಾನದಲ್ಲಿ ಸದ್ಯೋವ್ರಣಗಳನ್ನು, ಎಂದರೆ ಆಗತಾನೆ ಆದ ಗಾಯಗಳನ್ನು, ಛಿನ್ನ, ಭಿನ್ನ, ವಿದ್ಧ, ಕ್ಷತ, ಪಿಚ್ಚಿತ, ಘೃಷ್ಟವೆಂದು ಆರು ವಿಧವಾಗಿ ವಿಂಗಡಿಸಿ, ಒಂದೊಂದಕ್ಕೂ ಉಪಚಾರವನ್ನು ಹೇಳಿದೆ. ಇದು ನಮ್ಮವರ ದೂರದೃಷ್ಟಿಗೆ ಸಾಕ್ಷಿಯಾಗಿರುವುದು. ಆದರೆ ಒಂದು ವಿಷಯವನ್ನು ಗಮನಿಸಬೇಕು. ಅಲ್ಲಿ ವೈದ್ಯನು ಧ್ವಜದ ಕೆಳಗೆ ನಿಂತಿರುವನು. ಗಾಯಗೊಂಡವನು ಅಲ್ಲಿಗೆ ಬರಬೇಕು. ನಡೆಯಲಾರದವನ ಗತಿಯೇನು? ಧ್ವಜವನ್ನೇ ಗಾಯಾಳುವಿನ ಬಳಿಗೆ ಕೊಂಡೊಯ್ದರೆ ಹೇಗೆ? ಈ ಎರಡನೆಯ ಪ್ರಶ್ನೆಯನ್ನು ಕೇಳಿಕೊಂಡವನೇ ಲಾರೆಯು.

ಲಾರೆಯು ಹುಟ್ಟಿದುದು 1766ನೆಯ ಇಸವಿ ಜುಲೈ ತಿಂಗಳಲ್ಲಿ, ಫ್ರಾನ್ಸಿನ ದಕ್ಷಿಣದ ಎಲ್ಲೆಯಲ್ಲಿರುವ ಪಿರನೀಸ್ ಪರ್ವತದ ತಪ್ಪಲಿನ ಬೊದೆಯಾಂ ಎಂಬ ಹಳ್ಳಿಯಲ್ಲಿ. ಈತನ ತಂದೆಯು ಮೆಟ್ಟು ಹೊಲಿಯುವ ಕಸುಬಿನವನು. ಬಾಲ್ಯದಲ್ಲಿಯೇ ತಂದೆಯ ಆಸರೆಯು ತಪ್ಪಿತು. ಊರ ಪಾದ್ರಿಯಿಂದ ಅಕ್ಷರಾಭ್ಯಾಸವಾಯಿತು. ಹದಿಮೂರನೆಯ ವಯಸ್ಸಿನಲ್ಲಿ ಹುಡುಗನು ಊರನ್ನು ಬಿಟ್ಟು, ತೂಲೂಸ್ ಪಟ್ಟಣದಲ್ಲಿ ಶಸ್ತ್ರವೈದ್ಯನಾಗಿದ್ದ ತಂದೆಯ ಸಹೋದರನ ಬಳಿಗೆ ಹೋಗಿ ಸೇರಿದನು. ಆ ದೂರವನ್ನೆಲ್ಲ ಕಾಲ್ನಡಿಗೆಯಿಂದಲೇ ಕ್ರಮಿಸಿದನೆಂದು ಚರಿತ್ರಕಾರರು ಬರೆದಿರುವರು. ಅಲ್ಲಿ ಗುರುಶುಶ್ರೂಷೆ ಮಾಡುತ್ತ, ವ್ರಣಗಳನ್ನು ತೊಳೆದು ಕಟ್ಟುತ್ತ, ಹಲವು ವರ್ಷ ವಿದ್ಯೆಯನ್ನು ಕಲಿತನು. ಅನಂತರ ಪ್ಯಾರಿಸ್ ನಗರಕ್ಕೆ ಹೋದನು. ನೌಕಾಸೈನ್ಯದ ವೈದ್ಯನಾಗಿ ಅಟ್ಲಾಂಟಿಕ್ ಸಮುದ್ರವನ್ನು ದಾಟಿ ನ್ಯೂಫೌಂಡ್‌ಲೆಂಡ್ ದ್ವೀಪದವರೆಗೂ ಹೋಗಿಬಂದನು. ಮರಳಿ ಬಂದ ಮೇಲೆ ಪ್ಯಾರಿಸ್ಸಿನ ಹಳೆಯ ಆಸ್ಪತ್ರೆಯಾದ ಓತೆಲ್ ದ್ಯೂದಲ್ಲಿ ದೆಸೋ ಎಂಬ ಪ್ರಸಿದ್ಧ ಶಸ್ತ್ರವೈದ್ಯನ ಶಿಷ್ಯನಾದನು. ಹರಿದು ಮಲಿನವಾದ ಗಾಯವನ್ನು ಬಿಡಿಸಿ, ಸತ್ತ ಮಾಂಸವನ್ನು ಕತ್ತರಿಸಿ ತೆಗೆದು ಶುದ್ಧ ಮಾಡತಕ್ಕದ್ದೆಂಬ ಪಾಠವನ್ನು ಈ ಗುರುವಿನಿಂದ ಪಡೆದನು.

ಈ ಹಿನ್ನೆಲೆಯನ್ನು ಇಷ್ಟು ವಿವರವಾಗಿ ಹೇಳಿದುದಕ್ಕೆ ಕಾರಣವುಂಟು. ಲಾರೆಯು ಸಿರಿವಂತರ ಮನೆಯಲ್ಲಿ ಹುಟ್ಟಿದವನಲ್ಲ; ಪದವಿಯ ನೆರಳಿನಲ್ಲಿ ಬೆಳೆದವನಲ್ಲ. ಸಾಮಾನ್ಯ ಸಿಪಾಯಿಗಳು ಯಾವ ಮನೆಗಳಿಂದ ಬರುತ್ತಿದ್ದರೋ ಆತನೂ ಅಂತಹ ಮನೆಯಿಂದಲೇ ಬಂದವನು. ಚಕ್ರವರ್ತಿಯ ಸಮೀಪದಲ್ಲಿ ಹದಿನೆಂಟು ವರ್ಷ ಇದ್ದಾಗಲೂ ಈ ಸಂಗತಿಯನ್ನು ಆತನು ಮರೆತಂತೆ ತೋರುವುದಿಲ್ಲ.

1792ರಲ್ಲಿ ಫ್ರಾನ್ಸ್ ದೇಶಕ್ಕೂ ನೆರೆಹೊರೆಯ ರಾಜ್ಯಗಳಿಗೂ ಯುದ್ಧವು ಮೊದಲಾಯಿತು. ಲಾರೆಯು ರೈನ್ ನದಿಯ ಸೈನ್ಯಕ್ಕೆ ವೈದ್ಯನಾಗಿ ಹೋದನು. ಅಲ್ಲಿ ಕಂಡ ದೃಶ್ಯವು ಆತನ ಮನಸ್ಸನ್ನು ಕಲಕಿತು. ಆ ಕಾಲದ ಕಟ್ಟಳೆಯ ಪ್ರಕಾರ ವೈದ್ಯರೂ ಔಷಧದ ಬಂಡಿಗಳೂ ಯುದ್ಧಭೂಮಿಯಿಂದ ಒಂದು ಲೀಗಿನಷ್ಟು, ಎಂದರೆ ಸುಮಾರು ಎರಡೂವರೆ ಮೈಲಿಯಷ್ಟು, ಹಿಂದೆ ನಿಲ್ಲಬೇಕಾಗಿದ್ದಿತು. ಗಾಯಗೊಂಡವರು ಯುದ್ಧವು ಮುಗಿಯುವವರೆಗೂ ಬಿದ್ದಲ್ಲಿಯೇ ಬಿದ್ದಿರುತ್ತಿದ್ದರು. ಆಮೇಲೆ ಅವರನ್ನು ಒಂದೆಡೆಗೆ ಕೂಡಿಸುವರು. ಭಾರವಾದ ಬಂಡಿಗಳು ಮೆಲ್ಲಮೆಲ್ಲನೆ ಬರುವುವು. ಇಷ್ಟರಲ್ಲಿ ಒಂದು ಹಗಲೂ ಒಂದು ರಾತ್ರಿಯೂ ಕಳೆದುಹೋಗುತ್ತಿದ್ದಿತು; ಕೆಲವೊಮ್ಮೆ ಒಂದೂವರೆ ದಿವಸವೇ ಆಗುತ್ತಿದ್ದಿತು. ಆ ವೇಳೆಗೆ ಬಹುಮಂದಿಯ ರಕ್ತವು ಹರಿದುಹೋಗಿರುವುದು. ಉಳಿದವರ ಗಾಯವು ಕೊಳೆಯಲಾರಂಭಿಸಿರುವುದು. ಹೀಗೆ ಸತ್ತವರಲ್ಲಿ ಅನೇಕರು ಶತ್ರುವಿನ ಗುಂಡಿನಿಂದ ಸತ್ತವರಲ್ಲ, ವಿಳಂಬದಿಂದ ಸತ್ತವರು.

ಲಾರೆಯು ಇನ್ನೊಂದು ವಿಷಯವನ್ನೂ ಕಂಡನು. ಆ ಸೈನ್ಯದಲ್ಲಿ ಕುದುರೆಗಳು ಎಳೆಯುವ ಹಗುರವಾದ ಫಿರಂಗಿಗಳಿದ್ದುವು. ಅವು ಬೇಕೆಂದ ಕಡೆಗೆ ಗಾಳಿಯಂತೆ ಓಡಿಹೋಗಿ ನಿಲ್ಲುತ್ತಿದ್ದುವು. ಕೊಲ್ಲುವ ಯಂತ್ರವು ಇಷ್ಟು ವೇಗವಾಗಿ ಹೋಗುವುದಾದರೆ ಕಾಯುವ ವೈದ್ಯನು ಏತಕ್ಕೆ ಹೋಗಬಾರದು? ಈ ಆಲೋಚನೆಯಿಂದ ಹುಟ್ಟಿದುದೇ ‘ಹಾರುವ ಆಂಬುಲೆನ್ಸ್’ ಎಂಬ ಏರ್ಪಾಡು. ಎರಡು ಗಾಲಿಯ ಹಗುರವಾದ ಬಂಡಿಗೆ ಎರಡು ಕುದುರೆ. ಅದರಲ್ಲಿ ಇಬ್ಬರು ಗಾಯಾಳುಗಳು ಮಲಗಿಕೊಂಡು ಹೋಗಬಹುದು. ಗುಡ್ಡಗಾಡಿನ ಒರಟು ದಾರಿಗೆ ನಾಲ್ಕು ಗಾಲಿಯ ಬಂಡಿ. ಅದರಲ್ಲಿ ನಾಲ್ವರಿಗೆ ಸ್ಥಳ. ಕುಲುಕಾಟದಿಂದ ಗಾಯವು ನೋಯದಂತೆ ಬಂಡಿಯನ್ನು ಮಿದುವಾಗಿ ತೂಗುವಂತೆ ಕಟ್ಟಿದ್ದರು. ಒಳಗೆ ಹಾಸಿಗೆಯುಳ್ಳ ಚೌಕಟ್ಟೊಂದಿದ್ದು, ಗಾಯಾಳುವನ್ನು ಎತ್ತಿ ಕೆಡವದೆ ಚೌಕಟ್ಟಿನ ಸಮೇತ ಒಳಕ್ಕೆ ಸರಿಸಬಹುದಾಗಿದ್ದಿತು. ಗಾಳಿ ಬರಲು ಪಕ್ಕದಲ್ಲಿ ಚಿಕ್ಕ ಕಿಟಕಿಗಳಿದ್ದುವು. ಸಂಗಡ ಕುದುರೆ ಏರಿದ ವೈದ್ಯರೂ, ಬಟ್ಟೆ ಪಟ್ಟಿಗಳನ್ನು ಹೊತ್ತ ಪರಿಚಾರಕರೂ ಹೋಗುತ್ತಿದ್ದರು. 1797ರಲ್ಲಿ ಇಟಲಿಯ ಸೈನ್ಯದಲ್ಲಿ ಈ ಏರ್ಪಾಡು ಪೂರ್ಣರೂಪವನ್ನು ಹೊಂದಿದಾಗ ಅದರಲ್ಲಿ 340 ಮಂದಿ ಇದ್ದರು, ಮೂರು ವಿಭಾಗಗಳು, ಒಂದೊಂದು ವಿಭಾಗಕ್ಕೂ ಹನ್ನೆರಡು ಹಗುರವಾದ ಬಂಡಿಗಳು, ನಾಲ್ಕು ಭಾರವಾದ ಬಂಡಿಗಳು. ಯುದ್ಧವು ನಡೆಯುತ್ತಿರುವಾಗಲೇ ಇವರು ಗುಂಡುಗಳ ನಡುವೆ ನುಗ್ಗಿ ಗಾಯಾಳುಗಳನ್ನು ಎತ್ತಿಕೊಂಡು ಬರುತ್ತಿದ್ದರು.

ದೇಶವು ಬದಲಾದಂತೆ ಉಪಾಯವೂ ಬದಲಾಯಿತು. 1798ರಲ್ಲಿ ನೆಪೋಲಿಯನ್ನನು ಈಜಿಪ್ಟ್ ದೇಶಕ್ಕೆ ದಂಡೆತ್ತಿ ಹೋದಾಗ ಲಾರೆಯೂ ಸಂಗಡ ಹೋದನು. ಮರಳುಗಾಡಿನಲ್ಲಿ ಗಾಲಿಗಳು ಹೂತುಹೋಗುವುವು. ಲಾರೆಯು ಬಂಡಿಗಾಗಿ ಹಂಬಲಿಸಲಿಲ್ಲ. ಒಂಟೆಯ ಎರಡು ಪಕ್ಕಗಳಲ್ಲಿಯೂ ಉದ್ದವಾದ ಪೆಟ್ಟಿಗೆಯಂತಹ ಬುಟ್ಟಿಗಳನ್ನು ತೂಗುಹಾಕಿಸಿ, ಒಂದೊಂದರಲ್ಲಿ ಒಬ್ಬೊಬ್ಬ ಗಾಯಾಳುವನ್ನು ಮಲಗಿಸಿ ಸಾಗಿಸಿದನು. ಆ ಯಾತ್ರೆಯಲ್ಲಿಯೇ ಆತನು ವಿಚಿತ್ರವಾದ ಒಂದು ಸಂಗತಿಯನ್ನು ಕಂಡನು. ಸಿರಿಯಾದಲ್ಲಿ ಗಾಯಗಳಲ್ಲಿ ನೊಣದ ಹುಳುಗಳು ಬಿದ್ದು ಸಿಪಾಯಿಗಳು ಹೆದರುತ್ತಿದ್ದರು. ಆ ಹುಳುಗಳು ಸತ್ತ ಮಾಂಸವನ್ನು ಮಾತ್ರ ತಿಂದು, ಜೀವವಿರುವ ಮಾಂಸವನ್ನು ಬಿಡುವುವೆಂದೂ, ಅದರಿಂದ ಗಾಯವು ಬೇಗನೆ ಮಾಯುವುದೆಂದೂ ಆತನು ನೋಡಿ ಬರೆದಿಟ್ಟನು. ಅಸಹ್ಯವೆಂದು ಕಣ್ಣನ್ನು ಮುಚ್ಚಿಕೊಳ್ಳದೆ ಇದ್ದುದನ್ನು ಇದ್ದಂತೆ ನೋಡುವುದು ವೈದ್ಯನ ಮೊದಲನೆಯ ಗುಣವಲ್ಲವೆ?

ಇಷ್ಟಾದರೂ ಬಂಡಿಯನ್ನು ಕಟ್ಟಿದುದು ಆತನ ಕಾರ್ಯದಲ್ಲಿ ಅರ್ಧಭಾಗ ಮಾತ್ರ. ಬಂಡಿಗಳು ವೇಗವಾಗಿ ತಂದು ಇಳಿಸಿದ ನೂರಾರು ಗಾಯಾಳುಗಳಲ್ಲಿ ಯಾರಿಗೆ ಮೊದಲು ಚಿಕಿತ್ಸೆ? ಹಿಂದಿನಿಂದ ಬಂದ ರೂಢಿಯ ಪ್ರಕಾರ ಅಧಿಕಾರಿಗೆ ಮೊದಲು, ಸಿಪಾಯಿಗೆ ಆಮೇಲೆ. ಸೇನಾಪತಿಯ ಬೆರಳಿನ ಗಾಯವನ್ನು ಕಟ್ಟುತ್ತಿರುವಾಗ ಕಾಲಾಳಿನ ತೊಡೆಯ ರಕ್ತವು ಹರಿದುಹೋದರೂ ಅದನ್ನು ಯಾರೂ ಅನ್ಯಾಯವೆಂದು ಹೇಳುತ್ತಿರಲಿಲ್ಲ. ಲಾರೆಯು ಈ ರೂಢಿಯನ್ನು ಕಿತ್ತುಹಾಕಿದನು. ಅತ್ಯಂತ ಅಪಾಯಕರವಾಗಿ ಗಾಯಗೊಂಡವನಿಗೆ ಮೊದಲು ಚಿಕಿತ್ಸೆಯಾಗತಕ್ಕದ್ದು. ಪದವಿಯನ್ನಾಗಲಿ ಅಂತಸ್ತನ್ನಾಗಲಿ ಅಲ್ಲಿ ನೋಡಕೂಡದು. ಕಡಿಮೆ ಗಾಯವುಳ್ಳವನು ಕಾಯಬೇಕು. ಇದೇ ಆತನ ನಿಯಮ. ಗಾಯಾಳುಗಳನ್ನು ಹೀಗೆ ಆರಿಸಿ ವಿಂಗಡಿಸುವ ಕಾರ್ಯಕ್ಕೆ ಮುಂದಿನ ಕಾಲದಲ್ಲಿ ‘ತ್ರಿಯಾಜ್’ ಎಂಬ ಫ್ರೆಂಚ್ ಹೆಸರು ನಿಂತಿತು. ಆರಿಸುವುದೆಂಬುದೇ ಆ ಶಬ್ದದ ಅರ್ಥ. ಇಂದು ಲೋಕದ ಎಲ್ಲ ದೊಡ್ಡ ಆಸ್ಪತ್ರೆಗಳ ತುರ್ತು ವಿಭಾಗದ ಬಾಗಿಲಿನಲ್ಲಿ ಮೊದಲು ನಡೆಯುವ ಕಾರ್ಯವು ಇದೇ.

ಶತ್ರುಗಳ ವಿಷಯದಲ್ಲಿಯೂ ಆತನು ಇದೇ ನಿಯಮವನ್ನು ಪಾಲಿಸಿದನು. ರಣರಂಗದಲ್ಲಿ ಬಿದ್ದ ಶತ್ರುಸೈನಿಕನೂ ಆತನ ಪಾಲಿಗೆ ಗಾಯಾಳುವೇ. ಈ ನಡತೆಯು ಮುಂದೆ ಆತನ ಪ್ರಾಣವನ್ನೇ ಕಾಯ್ದುದು ಹೇಗೆಂಬುದು ಮುಂದೆ ತಿಳಿಯುವುದು.

ಲಾರೆಯ ಶಸ್ತ್ರವಿದ್ಯೆಯನ್ನು ಕುರಿತು ಎರಡು ಮಾತು. ಆತನ ಕಾಲದಲ್ಲಿ ಅರಿವಳಿಕೆಯ ಔಷಧವಿರಲಿಲ್ಲ. ಈಥರಿನ ಉಪಯೋಗವು ಪ್ರಸಿದ್ಧವಾದುದು 1846ರಲ್ಲಿ. ಲಾರೆಯು ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿದ್ದಿತು. ಸೂಕ್ಷ್ಮಜೀವಿಗಳಿಂದ ಗಾಯವು ಕೊಳೆಯುವುದೆಂಬ ಜ್ಞಾನವೂ ಆಗ ಇರಲಿಲ್ಲ. ಲಿಸ್ಟರ್ ಎಂಬ ವೈದ್ಯನು ಆ ಮಾರ್ಗವನ್ನು ಪ್ರಕಟಿಸಿದುದು 1867ರಲ್ಲಿ. ಆದುದರಿಂದ ನುಚ್ಚುನೂರಾದ ಕೈಕಾಲನ್ನು ಕತ್ತರಿಸಿ ತೆಗೆಯುವುದೊಂದೇ ಪ್ರಾಣವನ್ನು ಉಳಿಸುವ ದಾರಿಯಾಗಿದ್ದಿತು. ಅದನ್ನು ಕೆಲವು ದಿವಸ ತಡೆದು ಮಾಡತಕ್ಕದ್ದೆಂದು ಅನೇಕ ವೈದ್ಯರು ವಾದಿಸುತ್ತಿದ್ದರು. ಲಾರೆಯು ಇಪ್ಪತ್ತನಾಲ್ಕು ಗಂಟೆಗಳ ಒಳಗೆ, ಗಾಯವು ಊದಿ ವಿಷವೇರುವುದಕ್ಕೆ ಮುಂಚೆ, ಮಾಡಬೇಕೆಂದು ನಿಶ್ಚಯಿಸಿ ಅದರಂತೆಯೇ ನಡೆದನು. 1812ರಲ್ಲಿ ರಷ್ಯ ದೇಶದ ಬೊರೊದಿನೋ ಯುದ್ಧದಲ್ಲಿ ಒಂದು ಅಹೋರಾತ್ರದಲ್ಲಿ ಸುಮಾರು ಇನ್ನೂರು ಶಸ್ತ್ರಕ್ರಿಯೆಗಳನ್ನು ಮಾಡಿದನು. ಅರಿವಳಿಕೆಯಿಲ್ಲದ ಕಾಲದಲ್ಲಿ ಕೈಯ ವೇಗವೇ ದಯೆಯಾಗಿದ್ದಿತು.

1807ನೆಯ ಇಸವಿ ಫೆಬ್ರವರಿಯಲ್ಲಿ ಪೂರ್ವಪ್ರಷ್ಯದ ಐಲೌ ಎಂಬಲ್ಲಿ ಹಿಮದ ನಡುವೆ ಘೋರವಾದ ಯುದ್ಧವಾಯಿತು. ಚಳಿಯು ಎಷ್ಟು ತೀವ್ರವಾಗಿದ್ದಿತೆಂದರೆ ಸಹಾಯಕರ ಕೈಯಲ್ಲಿ ಶಸ್ತ್ರಗಳು ನಿಲ್ಲುತ್ತಿರಲಿಲ್ಲ. ಅಂತಹ ಚಳಿಯಲ್ಲಿ ಮರಗಟ್ಟಿದ ಅಂಗವನ್ನು ಕತ್ತರಿಸಿದಾಗ ಗಾಯಾಳುವಿಗೆ ನೋವು ಕಡಿಮೆಯೆಂಬುದನ್ನು ಲಾರೆಯು ಅಲ್ಲಿ ಗುರುತಿಸಿದನು. ಆತನು ಒಂದು ಕೊಟ್ಟಿಗೆಯಲ್ಲಿ ಶಸ್ತ್ರಕ್ರಿಯೆಯನ್ನು ನಡೆಸುತ್ತಿರುವಾಗ ಶತ್ರುಸೈನ್ಯವು ನುಗ್ಗಿ ಬಂದಿತೆಂಬ ಗುಲ್ಲೆದ್ದಿತು. ನಡೆಯಬಲ್ಲ ಗಾಯಾಳುಗಳು ಓಡತೊಡಗಿದರು, ನಡೆಯಲಾರದವರು ಗೋಳಿಟ್ಟರು. ಲಾರೆಯು ಕೈಯಲ್ಲಿದ್ದ ಕೆಲಸವನ್ನು ಬಿಡಲಿಲ್ಲ. ತಾನು ಅವರನ್ನು ಬಿಟ್ಟು ಹೋಗುವುದಿಲ್ಲವೆಂದು ಅಭಯವನ್ನು ಕೊಟ್ಟು ಅಲ್ಲಿಯೇ ನಿಂತನು. ವೈದ್ಯನು ನಿಂತುದನ್ನು ಕಂಡು ರೋಗಿಗಳು ಶಾಂತರಾದರು. ಆ ಕ್ಷಣದಲ್ಲಿ ವೈದ್ಯನ ಇರುವಿಕೆಯೇ ಔಷಧವಾಯಿತು.

1809ರಲ್ಲಿ ವಿಯೆನ್ನಾ ನಗರದ ಬಳಿ ಡಾನ್ಯೂಬ್ ನದಿಯ ಲೋಬೌ ದ್ವೀಪದಲ್ಲಿ ಗಾಯಾಳುಗಳೆಲ್ಲ ಸಿಕ್ಕಿಬಿದ್ದರು. ಸೇತುವೆಯು ಕೊಚ್ಚಿಹೋಗಿದ್ದಿತು, ಆಹಾರವಿರಲಿಲ್ಲ. ಲಾರೆಯು ಅಧಿಕಾರಿಗಳ ಕುದುರೆಗಳನ್ನೂ ಬಿಡದೆ ಕಡಿಸಿ, ಸಿಪಾಯಿಗಳ ಉಕ್ಕಿನ ಎದೆಕವಚಗಳನ್ನೇ ಪಾತ್ರೆಗಳನ್ನಾಗಿ ಮಾಡಿ, ಉಪ್ಪು ಇಲ್ಲದ್ದರಿಂದ ಸಿಡಿಮದ್ದನ್ನು ಬೆರೆಸಿ ಸಾರನ್ನು ಕಾಯಿಸಿ ಕುಡಿಸಿದನು. ಆಹಾರದ ವಿಷಯದಲ್ಲಿ ಬೇರೆಬೇರೆ ಸಂಪ್ರದಾಯವುಳ್ಳವರಿಗೆ ಈ ಸಂಗತಿಯು ಕಠೋರವಾಗಿ ಕಂಡೀತು. ಆದರೆ ಇದರ ಮರ್ಮವು ಬೇರೆ. ಅಧಿಕಾರಿಯ ಕುದುರೆಗಿಂತ ಸಿಪಾಯಿಯ ಪ್ರಾಣವು ದೊಡ್ಡದೆಂದು ಆ ದ್ವೀಪದಲ್ಲಿ ತೀರ್ಮಾನಿಸಿದವನು ಸೇನಾಪತಿಯಲ್ಲ, ವೈದ್ಯನು. ಅದೇ ಯುದ್ಧದಲ್ಲಿ ಆತನ ಪ್ರಿಯಮಿತ್ರನಾದ ಮಾರ್ಷಲ್ ಲಾನ್ ಎಂಬ ದಂಡನಾಯಕನಿಗೆ ಫಿರಂಗಿಯ ಗುಂಡು ತಗಲಿತು. ಲಾರೆಯೇ ಆತನ ಕಾಲನ್ನು ಕತ್ತರಿಸಿದನು. ಆದರೂ ಆ ಮಿತ್ರನು ಕೆಲವೇ ದಿವಸಗಳಲ್ಲಿ ಮರಣವನ್ನು ಹೊಂದಿದನು. ವೈದ್ಯನಿಗೆ ಜಯವು ಎಲ್ಲ ಕಾಲದಲ್ಲಿಯೂ ದೊರೆಯುವುದಿಲ್ಲ. ಜಯವು ದೊರೆಯದ ದಿವಸವೂ ಮುಂದಿನ ಗಾಯಾಳುವಿನ ಬಳಿಗೆ ಹೋಗಿ ಕುಳಿತುಕೊಳ್ಳುವುದೇ ಆತನ ವ್ರತ.

ಆದರೆ ಲಾರೆಯ ಧೈರ್ಯವು ಗುಂಡುಗಳ ಎದುರಿನಲ್ಲಿ ಕಂಡುದಕ್ಕಿಂತಲೂ ಹೆಚ್ಚಾಗಿ ಸತ್ಯದ ವಿಷಯದಲ್ಲಿ ಕಂಡಿತು. 1813ರಲ್ಲಿ ಜರ್ಮನಿಯ ಲ್ಯೂಟ್ಸೆನ್, ಬೌಟ್ಸೆನ್ ಎಂಬೆಡೆಗಳಲ್ಲಿ ಯುದ್ಧಗಳಾದುವು. ರಷ್ಯದಲ್ಲಿ ಹಳೆಯ ಸೈನ್ಯವೆಲ್ಲ ಹಾಳಾಗಿದ್ದುದರಿಂದ ಚಿಕ್ಕವಯಸ್ಸಿನ ಹೊಸಬರನ್ನೇ ದಂಡಿಗೆ ಸೇರಿಸಿದ್ದರು. ಇವರಲ್ಲಿ ಎರಡು ಸಾವಿರಕ್ಕೂ ಮೇಲ್ಪಟ್ಟ ಮಂದಿಗೆ ಕೈಬೆರಳುಗಳಲ್ಲಿಯೂ ಮುಂಗೈಯಲ್ಲಿಯೂ ಗಾಯಗಳಾಗಿದ್ದುವು. ಯುದ್ಧದಿಂದ ತಪ್ಪಿಸಿಕೊಳ್ಳುವುದಕ್ಕಾಗಿ ಇವರು ತಮಗೆ ತಾವೇ ಗುಂಡು ಹೊಡೆದುಕೊಂಡಿರುವರೆಂದು ದಂಡನಾಯಕರು ದೂರಿದರು. ಅಪರಾಧವು ರುಜುವಾದರೆ ಕಠಿನವಾದ ಶಿಕ್ಷೆಯಾಗತಕ್ಕದ್ದು. ಚಕ್ರವರ್ತಿಯೂ ಆ ದೂರನ್ನು ನಂಬುವಂತಿದ್ದನು. ವಿಚಾರಣೆಯು ಲಾರೆಯ ಪಾಲಿಗೆ ಬಂದಿತು. ಹೂಂ ಎಂದಿದ್ದರೆ ಒಂದು ದಿವಸದಲ್ಲಿ ಮುಗಿಯುತ್ತಿದ್ದ ಕೆಲಸವದು. ಆತನು ಬೇರೆ ವೈದ್ಯರನ್ನು ಕೂಡಿಸಿಕೊಂಡು ಗಾಯಾಳುಗಳನ್ನು ಒಬ್ಬೊಬ್ಬರನ್ನಾಗಿ ನೋಡಿದನು. ಗುಂಡು ಎಲ್ಲಿಂದ ಬಂದಿತು, ಯಾವ ದೂರದಿಂದ ಬಂದಿತು ಎಂದು ಗಾಯದ ಲಕ್ಷಣದಿಂದಲೇ ಪರಿಶೀಲಿಸಿದನು. ಕೊನೆಗೆ ಆ ಹುಡುಗರು ನಿರಪರಾಧಿಗಳೆಂದು ಬರೆದುಕೊಟ್ಟನು. ಮೂರು ಸಾಲುಗಳಾಗಿ ನಿಂತು ಗುಂಡು ಹಾರಿಸುವಾಗ, ಅಭ್ಯಾಸವಿಲ್ಲದ ಹಿಂದಿನ ಸಾಲಿನವರ ಗುಂಡುಗಳು ಮುಂದಿನವರ ಕೈಗಳಿಗೆ ತಗಲಿದುದೇ ಆ ಗಾಯಗಳಿಗೆ ಮುಖ್ಯ ಕಾರಣವಾಗಿದ್ದಿತು. ಪ್ರಭುವಿಗೆ ಅಪ್ರಿಯವಾದ ಈ ಸತ್ಯಕ್ಕೆ ಪ್ರತಿಯಾಗಿ ನೆಪೋಲಿಯನ್ನನು ಮೊದಲು ಮುನಿದರೂ ಅನಂತರ ಮೆಚ್ಚಿ, ಲಾರೆಗೆ ವರ್ಷಾಶನವನ್ನು ಕೊಟ್ಟು ಗೌರವಿಸಿದನು. ಸೇನಾಪತಿಯ ಬೆರಳಿಗಿಂತ ಸಿಪಾಯಿಯ ತೊಡೆಯನ್ನು ಮೊದಲು ನೋಡಿದ ಕಣ್ಣೇ, ಸೇನಾಪತಿಯ ಮಾತಿಗಿಂತ ಸಿಪಾಯಿಯ ಗಾಯವನ್ನು ಹೆಚ್ಚಾಗಿ ನಂಬಿತೆಂಬುದನ್ನು ಇಲ್ಲಿ ಗಮನಿಸಬೇಕು. ಪದವಿಯು ಮಾತನಾಡುವುದು, ಗಾಯವು ಮಾತನಾಡದು. ಮಾತನಾಡದುದನ್ನು ಓದಬಲ್ಲವನೇ ವೈದ್ಯನು.

ಇಂತಹವನನ್ನು ಸಿಪಾಯಿಗಳು ಹೇಗೆ ಕಂಡರೆಂಬುದಕ್ಕೆ ಒಂದು ನಿದರ್ಶನ ಸಾಕು. 1812ರ ನವೆಂಬರಿನಲ್ಲಿ ರಷ್ಯದಿಂದ ಸೋತು ಹಿಂದಿರುಗುವಾಗ ಬೆರೆಜೀನಾ ನದಿಯ ಸೇತುವೆಯ ಮೇಲೆ ನೂಕುನುಗ್ಗಲಾಯಿತು. ತಾನೊಬ್ಬನು ಬದುಕಿದರೆ ಸಾಕೆಂದು ಒಬ್ಬರನ್ನೊಬ್ಬರು ತುಳಿಯುತ್ತಿದ್ದ ಹೊತ್ತು. ಲಾರೆಯು ಮೊದಲೇ ನದಿಯನ್ನು ದಾಟಿದ್ದರೂ ಗಾಯಾಳುಗಳಿಗೆ ಬೇಕಾದ ಶಸ್ತ್ರಗಳನ್ನು ತರುವುದಕ್ಕಾಗಿ ಹಿಂದಕ್ಕೆ ಹೋಗಿ ಆ ಗುಂಪಿನಲ್ಲಿ ಸಿಕ್ಕಿಕೊಂಡನು. ಆತನ ಹೆಸರು ಕೇಳಿಬಂದ ಕೂಡಲೆ ಸಿಪಾಯಿಗಳು ಆತನನ್ನು ಕೈಯಿಂದ ಕೈಗೆ ಎತ್ತಿ ದಾಟಿಸಿಬಿಟ್ಟರು. ಎಲ್ಲರೂ ಎಲ್ಲರನ್ನೂ ತುಳಿಯುತ್ತಿದ್ದ ಸ್ಥಳದಲ್ಲಿ ಒಬ್ಬನನ್ನು ಮಾತ್ರ ಎಲ್ಲರೂ ಎತ್ತಿದರು.

1815ರಲ್ಲಿ ವಾಟರ್ಲೂ ಯುದ್ಧವಾಯಿತು. ಸೋತ ಸೈನ್ಯದಲ್ಲಿದ್ದ ಲಾರೆಯು ಗಾಯಗೊಂಡು ಪ್ರಷ್ಯದವರ ಕೈಗೆ ಸೆರೆಸಿಕ್ಕಿದನು. ಆತನನ್ನು ಗುಂಡಿಕ್ಕಿ ಕೊಲ್ಲಬೇಕೆಂದು ಆಜ್ಞೆಯಾಯಿತು. ಆ ಸಮಯದಲ್ಲಿ ಹಿಂದೆ ಬರ್ಲಿನ್ ನಗರದಲ್ಲಿ ಲಾರೆಯ ಪಾಠಗಳನ್ನು ಕೇಳಿದ್ದ ಒಬ್ಬ ಪ್ರಷ್ಯದ ವೈದ್ಯನು ಆತನ ಗುರುತನ್ನು ಹಿಡಿದು ತಡೆದನು. ಲಾರೆಯನ್ನು ಪ್ರಷ್ಯದ ಸೇನಾಧಿಪತಿಯಾದ ಬ್ಲೂಖರನ ಬಳಿಗೆ ಕರೆತಂದರು. ಹಿಂದಿನ ಒಂದು ಯುದ್ಧದಲ್ಲಿ ಗಾಯಗೊಂಡು ಸೆರೆಸಿಕ್ಕಿದ್ದ ಬ್ಲೂಖರನ ಮಗನಿಗೆ ಚಿಕಿತ್ಸೆ ಮಾಡಿ ಬದುಕಿಸಿದವನು ಇದೇ ಲಾರೆಯು! ಬ್ಲೂಖರನು ಆತನನ್ನು ಸತ್ಕರಿಸಿ, ಕಾವಲು ಕೊಟ್ಟು ಕಳುಹಿಸಿದನು. ಶತ್ರುವೆಂದು ಎಣಿಸದೆ ಮಾಡಿದ ಚಿಕಿತ್ಸೆಯು ಹೀಗೆ ಫಲಿಸಿತು.

ನೆಪೋಲಿಯನ್ನನು ಸೇಂಟ್ ಹೆಲಿನಾ ದ್ವೀಪದಲ್ಲಿ ತನ್ನ ಮರಣಶಾಸನವನ್ನು ಬರೆಯಿಸುವಾಗ ಲಾರೆಗೆ ಒಂದು ಲಕ್ಷ ಫ್ರಾಂಕುಗಳನ್ನು ಬರೆದು, ತಾನು ಕಂಡವರಲ್ಲೆಲ್ಲ ಈತನೇ ಅತ್ಯಂತ ಶೀಲವಂತನೆಂದು ಹೇಳಿದನು. ಸಾಮ್ರಾಜ್ಯವು ಮುರಿದ ಮೇಲೆಯೂ ಲಾರೆಯು ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿದ್ದನು. ಎಪ್ಪತ್ತಾರನೆಯ ವಯಸ್ಸಿನಲ್ಲಿ ಅಲ್ಜೀರಿಯದ ಸೈನಿಕ ಆಸ್ಪತ್ರೆಗಳನ್ನು ಪರೀಕ್ಷಿಸಿ ಹಿಂದಿರುಗುತ್ತ, 1842ನೆಯ ಇಸವಿ ಜುಲೈ 25ರಂದು ಲಿಯೋನ್ ಪಟ್ಟಣದಲ್ಲಿ ಕಾಲವಾದನು. ಆತನ ಅಸ್ಥಿಶೇಷಗಳನ್ನು 1992ರಲ್ಲಿ ಪ್ಯಾರಿಸ್ಸಿನ ಇನ್ವಾಲೀದ್ ಮಂದಿರಕ್ಕೆ ತಂದು ಇರಿಸಿದರು. ಗಾಯಗೊಂಡ ಹಳೆಯ ಸಿಪಾಯಿಗಳಿಗಾಗಿ ಕಟ್ಟಿದ ಮಂದಿರವದು; ನೆಪೋಲಿಯನ್ನನ ಸಮಾಧಿಯೂ ಅಲ್ಲಿಯೇ ಇರುವುದು.

ಇಲ್ಲಿ ಒಂದು ಸಂದೇಹಕ್ಕೆ ಅವಕಾಶವುಂಟು. ಅತಿಯಾಗಿ ಗಾಯಗೊಂಡವನಿಗೆ ಮೊದಲು ಚಿಕಿತ್ಸೆಯೆಂಬ ನಿಯಮವು ಸರಿಯೆ. ಆದರೆ ಏನು ಮಾಡಿದರೂ ಬದುಕಲಾರದವನ ಬಳಿಯಲ್ಲಿಯೇ ವೈದ್ಯನು ಕುಳಿತರೆ, ಬದುಕಬಹುದಾದವನು ಅಷ್ಟರಲ್ಲಿ ಸಾಯುವನಲ್ಲವೆ? ಈ ಸಂದೇಹವು ಯುಕ್ತವಾದುದೇ. 1846ರಲ್ಲಿ ಆಂಗ್ಲ ನೌಕಾಸೈನ್ಯದ ಜಾನ್ ವಿಲ್ಸನ್ ಎಂಬ ಶಸ್ತ್ರವೈದ್ಯನು ಇದನ್ನೇ ವಿಚಾರಿಸಿ, ಯಾರಿಗೆ ತತ್‌ಕ್ಷಣದ ಚಿಕಿತ್ಸೆಯಿಂದ ಪ್ರಾಣವು ಉಳಿಯುವುದೋ ಅವರಿಗೆ ಮೊದಲು ಚಿಕಿತ್ಸೆಯಾಗತಕ್ಕದ್ದೆಂದೂ, ಅಲ್ಪ ಗಾಯದವರೂ ಆಸೆಯಿಲ್ಲದವರೂ ಕಾಯಬೇಕೆಂದೂ ಹೇಳಿದನು. ಇಂದು ರೈಲುಗಾಡಿಗಳು ಉರುಳಿದಾಗ, ಭೂಕಂಪವಾದಾಗ, ನೂರಾರು ಮಂದಿ ಒಮ್ಮೆಗೇ ಗಾಯಗೊಂಡಾಗ ವೈದ್ಯರು ಈ ತಿದ್ದುಪಡಿಯನ್ನು ಅನುಸರಿಸಿ, ಗಾಯಾಳುಗಳಿಗೆ ಕೆಂಪು, ಹಳದಿ, ಹಸುರು, ಕಪ್ಪು ಎಂಬ ಗುರುತುಗಳನ್ನು ಕಟ್ಟುವರು. ಕಪ್ಪು ಗುರುತನ್ನು ಕಟ್ಟುವ ಕೈಯ ನೋವನ್ನು ಊಹಿಸಬಹುದು. ಆದರೂ ಮೂಲತತ್ತ್ವವು ಅಳಿದಿಲ್ಲ. ಯಾವ ಬಣ್ಣವನ್ನು ಕಟ್ಟುವುದಾದರೂ ಗಾಯವನ್ನು ನೋಡಿ ಕಟ್ಟಬೇಕಲ್ಲದೆ ಮುಖವನ್ನು ನೋಡಿ ಅಲ್ಲ.

ಲಾರೆಯ ಕಾಲದಲ್ಲಿ ಒಬ್ಬನ ಶೀಲವಾಗಿದ್ದುದು ಇಂದು ಒಂದು ಶಾಸ್ತ್ರವಾಗಿರುವುದು. ಅಮೆರಿಕ ದೇಶದಲ್ಲಿ 1979ರಲ್ಲಿ ತುರ್ತು ಚಿಕಿತ್ಸೆಯು ವೈದ್ಯವಿದ್ಯೆಯ ಪ್ರತ್ಯೇಕ ಶಾಖೆಯೆಂದು ಮನ್ನಣೆಯನ್ನು ಪಡೆಯಿತು, ಭಾರತದಲ್ಲಿ 2009ರಲ್ಲಿ. ಈ ಶಾಖೆಯನ್ನು ಆರಿಸಿಕೊಂಡವನು ಸಾಮಾನ್ಯ ವೈದ್ಯವ್ಯಾಸಂಗವು ಮುಗಿದ ಮೇಲೆ ಇನ್ನೂ ಮೂರು ವರ್ಷ ಅಭ್ಯಾಸ ಮಾಡಬೇಕು. ರೋಗಿಯು ಒಳಗೆ ಬಂದ ಕೂಡಲೆ ಶ್ವಾಸಮಾರ್ಗವು ತೆರೆದಿರುವುದೆ, ಉಸಿರಾಟವು ಸರಿಯಾಗಿರುವುದೆ, ರಕ್ತಸಂಚಾರವು ನಡೆಯುತ್ತಿರುವುದೆ ಎಂಬ ಮೂರನ್ನು ಕ್ರಮವಾಗಿ ನೋಡುವುದು ಆತನ ಪ್ರಥಮ ಪಾಠ. ಹೆಸರು, ಊರು, ಹಣ, ಕಾಗದಪತ್ರ ಇವೆಲ್ಲವೂ ಆಮೇಲಿನ ಮಾತುಗಳು. ಈ ವೈದ್ಯರು ಅನುಭವದಿಂದ ಕಲಿತ ಇನ್ನೊಂದು ಪಾಠವುಂಟು. ಗಟ್ಟಿಯಾಗಿ ಕೂಗುತ್ತಿರುವವನಿಗೆ ಉಸಿರಿರುವುದು ನಿಶ್ಚಯ. ಮೂಲೆಯಲ್ಲಿ ಸದ್ದಿಲ್ಲದೆ ಮಲಗಿರುವವನನ್ನು ಮೊದಲು ನೋಡತಕ್ಕದ್ದು. ಈ ಪಾಠವು ಆಸ್ಪತ್ರೆಯ ಹೊರಗೂ ಉಪಯೋಗವುಳ್ಳದ್ದು.

ನಮ್ಮ ದೇಶದ ನ್ಯಾಯವೂ ಈ ಧರ್ಮವನ್ನು ಅಂಗೀಕರಿಸಿರುವುದು. ಅಪಘಾತದಲ್ಲಿ ಗಾಯಗೊಂಡವರನ್ನು, ಪೋಲೀಸು ಕಾರ್ಯವು ಮೊದಲು ಮುಗಿಯಲಿ ಎಂದು ಒಂದು ಆಸ್ಪತ್ರೆಯಿಂದ ಇನ್ನೊಂದು ಆಸ್ಪತ್ರೆಗೆ ಅಟ್ಟುವ ಪದ್ಧತಿಯೊಂದಿದ್ದಿತು. ಪರಮಾನಂದ ಕಟಾರಾ ಎಂಬವರ ಅರ್ಜಿಯ ಮೇಲೆ ಭಾರತದ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ತೀರ್ಪನ್ನು ಕೊಟ್ಟು, ಪ್ರಾಣವನ್ನು ಉಳಿಸುವುದು ಮೊದಲನೆಯ ಕರ್ತವ್ಯ, ಕಾನೂನಿನ ವಿಧಿಗಳು ಅನಂತರದವು, ಸರಕಾರಿಯಾಗಲಿ ಖಾಸಗಿಯಾಗಲಿ ಯಾವ ವೈದ್ಯನೂ ಇದಕ್ಕೆ ಹೊರತಲ್ಲ ಎಂದು ವಿಧಿಸಿತು. ಕರ್ನಾಟಕದಲ್ಲಿ 2008ರಿಂದ 108 ಎಂಬ ಸಂಖ್ಯೆಗೆ ದೂರವಾಣಿಯ ಮೂಲಕ ಕರೆದರೆ ಆಂಬುಲೆನ್ಸ್ ವಾಹನವು ಹಳ್ಳಿಗೂ ಬರುವ ಏರ್ಪಾಡಾಯಿತು. ಆ ವಾಹನವು ಹೊಲದ ಬದುವಿನ ಬಳಿ ಬಂದು ನಿಂತಾಗ, ರೈನ್ ನದಿಯ ತೀರದಲ್ಲಿ ಎರಡು ಕುದುರೆಗಳ ಬಂಡಿಯನ್ನು ಓಡಿಸಿದವನ ಆಲೋಚನೆಯೇ ಬಂದು ನಿಂತಂತೆ ತಿಳಿಯಬೇಕು. ಸುಶ್ರುತನ ಧ್ವಜವು ಗಾಲಿಗಳ ಮೇಲೇರಿ ಗಾಯಾಳುವಿದ್ದಲ್ಲಿಗೆ ಬಂದಿರುವುದು.

ವೈದ್ಯನ ಧರ್ಮವನ್ನು ಹೇಳಿದಂತೆ ಜನರ ಧರ್ಮವನ್ನೂ ಹೇಳುವುದು ಅವಶ್ಯ. ಲಾರೆಯ ನಿಯಮವು ವೈದ್ಯನೊಬ್ಬನಿಂದ ನಡೆಯತಕ್ಕದ್ದಲ್ಲ. ಆಸ್ಪತ್ರೆಯ ಬಾಗಿಲಿನಲ್ಲಿ ‘ಇವರು ಇಂಥವರ ಕಡೆಯವರು, ಇವರನ್ನು ಮೊದಲು ನೋಡಿರಿ’ ಎಂದು ವಶೀಲಿಯನ್ನು ಹಚ್ಚುವವರೂ, ತಮ್ಮವನ ಸರದಿಯು ತಡವಾಯಿತೆಂದು ವೈದ್ಯನ ಮೇಲೆ ಕೈಯೆತ್ತುವವರೂ ಇರುವವರೆಗೆ ಆ ನಿಯಮವು ಉಳಿಯದು. ತನ್ನವನಿಗೆ ನೋವಾದಾಗ ತಾಳ್ಮೆಯು ಕಷ್ಟವೆಂಬುದು ನಿಜ. ಆದರೆ ಕಾಯಿಸಿದುದೆಲ್ಲವೂ ಉಪೇಕ್ಷೆಯಲ್ಲ. ಬಹುತೇಕವಾಗಿ, ‘ನೀನು ಕಾಯಬಹುದು’ ಎಂದು ವೈದ್ಯನು ಹೇಳಿದರೆ ‘ನಿನ್ನ ಪ್ರಾಣಕ್ಕೆ ಅಪಾಯವಿಲ್ಲ’ ಎಂದು ಹೇಳಿದಂತೆಯೇ. ಕಾಯುವವನು ಬಿಟ್ಟುಕೊಟ್ಟ ಆ ಅರ್ಧಗಂಟೆಯಲ್ಲಿ ಪರದೆಯ ಆಚೆ ಒಬ್ಬ ತಾಯಿಯ ರಕ್ತವು ನಿಂತಿರಬಹುದು, ಒಬ್ಬ ಕೂಲಿಯವನ ಎದೆಯು ಮತ್ತೆ ಬಡಿದಿರಬಹುದು. ಹಾಗೆ ಕಾದವನು ವೈದ್ಯನಲ್ಲದಿದ್ದರೂ ಆ ಚಿಕಿತ್ಸೆಯಲ್ಲಿ ಪಾಲುಗಾರನು. ಕೊಟ್ಟೆನೆಂಬ ಹೆಸರಿಲ್ಲದೆ ಕೊಟ್ಟ ದಾನವದು.

ಮೆಟ್ಟು ಹೊಲಿಯುವವನ ಮಗನೊಬ್ಬನು ಚಕ್ರವರ್ತಿಯ ಸೈನ್ಯದಲ್ಲಿ ನಿಂತು, ಗಾಯಕ್ಕೆ ಅಂತಸ್ತಿಲ್ಲವೆಂದು ಸಾರಿದನು. ಸಾರಿದುದಲ್ಲದೆ ಹಾಗೆಯೇ ನಡೆದನು. ಪ್ರಾಣವು ಅಪಾಯದಲ್ಲಿರುವಾಗ ಮನುಷ್ಯರಲ್ಲಿ ಮೇಲು ಕೀಳುಗಳಿಲ್ಲ. ಇರುವುದು ಹೆಚ್ಚು ಗಾಯಗೊಂಡವನು, ಕಡಿಮೆ ಗಾಯಗೊಂಡವನು ಎಂಬ ಭೇದವೊಂದೇ. ಈ ಮಾತನ್ನು ವೈದ್ಯರೂ ಜನರೂ ನೆನಪಿನಲ್ಲಿಟ್ಟು ನಡೆಯಲಿ. ರೋಗಿಗಳಿಗೆ ಆರೋಗ್ಯವೂ, ಆರೈಕೆ ಮಾಡುವವರಿಗೆ ಬಲವೂ ಉಂಟಾಗಲಿ.

ಸರ್ವರಿಗೂ ಶುಭವಾಗಲಿ.